ಅಂಟಕ್ಕನ ಹನ್ನೆರಡನೆಯ ಫಾರಂ

ಆ ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅಂಟಕ್ಕ ಎಂದೇ ಕರೆಯುತ್ತಿದ್ದರು. ಅಂಟಿನ ಡಬ್ಬ, ಕುಂಚ ಎರಡೂ ಅವಳ ವಶದಲ್ಲಿದ್ದುದರಿಂದ ಬಂದ ಹೆಸರು. ಮೊದಲು ಹಾಗೆ ಕರೆದವರು ಯಾರೋ ಈಗ ಯಾರಿಗೂ ನೆನಪಿಲ್ಲ, ಹೆಸರು ಮಾತ್ರ ಅಂಟಿಕೊಂಡಿತು. ಬೆರಳ ತುದಿಯಲ್ಲಿ ಒಣಗಿದ ಅಂಟಿನ ಪೊರೆ ಸದಾ ಇರುತ್ತಿದ್ದುದರಿಂದ ಬ್ಯಾಂಕಿನ ಬೆರಳಚ್ಚು ಯಂತ್ರ ಅವಳ ಗುರುತು ಹಿಡಿಯಲು ಒಪ್ಪುತ್ತಿರಲಿಲ್ಲ. "ನಾನೇ ಕಣಪ್ಪಾ, ನಾನೇ," ಎಂದು ಯಂತ್ರಕ್ಕೆ ಸಮಾಧಾನ ಹೇಳಿ, ಬೆರಳನ್ನು ಕರವಸ್ತ್ರಕ್ಕೆ ಉಜ್ಜಿ ಮತ್ತೆ ಇಡುವುದು ತಿಂಗಳಿಗೊಮ್ಮೆ ನಡೆಯುವ ಸಣ್ಣ ಜಗಳ.

ಅವಳ ಕೆಲಸ ಹೀಗೆ: ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟದ ಒಂದು ಕಟ್ಟಾಗುತ್ತದೆ. ಅದಕ್ಕೆ ಕಸುಬಿನವರು ಫಾರಂ ಎನ್ನುತ್ತಾರೆ. ಹತ್ತು ಹನ್ನೆರಡು ಫಾರಂಗಳನ್ನು ಒಟ್ಟಿಗೆ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಹೊದಿಸಿದರೆ ಪುಸ್ತಕ. ಇಪ್ಪತ್ತೆರಡು ವರ್ಷಗಳಲ್ಲಿ ಅಂಟಕ್ಕನ ಕೈಯಲ್ಲಿ ಎಷ್ಟು ಸಾವಿರ ಪುಸ್ತಕ ಹಾದುಹೋದವೋ, ಓದಿದ್ದು ಒಂದೂ ಇಲ್ಲ. ಓದು ಬಾರದೆ ಅಲ್ಲ, ಹತ್ತನೆಯ ತರಗತಿ ಪಾಸಾದವಳು. ಆದರೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಕಿವಿ ಹಿಂಡಿದ್ದ: "ಓದಬೇಡಮ್ಮಾ. ಓದಿದ್ರೆ ಕೈ ನಿಲ್ಲುತ್ತೆ. ಮೂಲೇಲಿ ಪುಟದ ನಂಬರು ನೋಡು, ಅಂಚಿಗೆ ಅಂಚು ಕೂಡಿಸು, ಮಡಚು. ಒಳಗೇನಿದೆ ಅನ್ನೋದು ಕೊಂಡೋರ ತಲೆನೋವು."

ಆ ಪಾಠ ಮೂಳೆಗೆ ಇಳಿದುಬಿಟ್ಟಿತು. ಹಾಳೆ ಎಂಬುದು ಕೈಗೆ ಬಂದರೆ ಸಾಕು, ಮಡಚುವುದೇ. ಬಸ್ಸಿನ ಟಿಕೀಟು, ಡಾಕ್ಟರ ಚೀಟಿ, ಮಗಳ ಅಂಕಪಟ್ಟಿ ಎಲ್ಲವೂ ಓದಿಸಿಕೊಳ್ಳುವ ಮೊದಲೇ ಅಂಚಿಗೆ ಅಂಚು ಕೂಡಿ ಚೌಕವಾಗುತ್ತಿದ್ದವು. ಈ ಅಭ್ಯಾಸ ಅವಳಿಗೆ ಎಷ್ಟು ದುಬಾರಿಯಾಯಿತು ಎಂಬುದೇ ಇಲ್ಲಿಯ ಕಥೆ.

ಅವಳ ಗಂಡ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಚಪ್ಪಡಿ ಎತ್ತಿಳಿಸುವವನಾಗಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಸರಪಳಿಯ ಒಂದು ಕೊಂಡಿ ಬಿಟ್ಟುಕೊಂಡು ಮೇಲಿದ್ದ ಚಪ್ಪಡಿ ಕೆಳಗೆ ಬಂತು. ಅವನು ಕೆಳಗಿದ್ದ. ಯಾರು ಕೇಳಿದರೂ ಅಂಟಕ್ಕ ಇಷ್ಟೇ ಮಾತಿನಲ್ಲಿ ಹೇಳಿ, ಮುಂದಿನ ಹಾಳೆ ಎತ್ತಿಕೊಳ್ಳುತ್ತಿದ್ದಳು. ಆಗ ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಅತ್ತೆ.

ಅಂದಿನಿಂದ ಪ್ರತಿ ತಿಂಗಳು ಐದನೇ ತಾರೀಖು ಅವಳ ಖಾತೆಗೆ ಪರಿಹಾರದ ಹಣ ಬೀಳುತ್ತಿತ್ತು. ಬೈಂಡಿಂಗ್ ಸಂಬಳ ಊಟಕ್ಕೆ ಸರಿಹೋದರೆ, ಬಾಡಿಗೆ, ಮಗಳ ಓದು, ಅತ್ತೆಯ ಮಂಡಿನೋವಿನ ಮಾತ್ರೆ ಎಲ್ಲ ಆ ಹಣದ ಮೇಲೆ. ಅದಕ್ಕೆ ಪ್ರತಿಯಾಗಿ ವರ್ಷಕ್ಕೊಂದು ಫಾರಂ. ಇದು ಮಡಚುವ ಫಾರಂ ಅಲ್ಲ, ತುಂಬುವ ಫಾರಂ. 'ನಾನು ಈ ದಿನದವರೆಗೂ ಮರುಮದುವೆಯಾಗಿರುವುದಿಲ್ಲ' ಎಂಬ ಸಾಲು. ಕೆಳಗೆ ಅವಳ ಸಹಿ, ಅದರ ಕೆಳಗೆ ಮನೆಯ ಹಿರಿಯರೊಬ್ಬರ ಸಾಕ್ಷಿ, ಪಕ್ಕದಲ್ಲಿ ಕಾರ್ಖಾನೆಯ ಮೊಹರು. ಸಾಕ್ಷಿ ಹಾಕುತ್ತಿದ್ದವರು ಅತ್ತೆಯೇ. ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು, ಗೆರೆ ದಾಟುವಷ್ಟು ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಯುತ್ತಿದ್ದರು. ಬರೆದು ಮುಗಿದ ಮೇಲೆ ಅರ್ಧ ದಿನ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮಗನ ನೆನಪಾಯಿತೇನೋ ಎಂದು ಅಂಟಕ್ಕ ಕೆದಕಲು ಹೋಗುತ್ತಿರಲಿಲ್ಲ.

ಈ ಹಣ ಕೊಡುವವರು ಕಾರ್ಖಾನೆಯ ಯಜಮಾನರು ಎಂದು ಅವಳು ತಿಳಿದಿದ್ದಳು. ಮೊಹರು ಅವರದು, ಅಂದಮೇಲೆ ಜೇಬೂ ಅವರದೇ. ಆ ಉಪಕಾರಕ್ಕೆಂದು ಪ್ರತಿ ವರ್ಷ ಫಾರಂ ಜೊತೆ ಒಂದು ದಪ್ಪ ನೋಟ್‌ಬುಕ್ಕು ಕೊಂಡೊಯ್ಯುತ್ತಿದ್ದಳು. ತಾನೇ ಹೊಲಿದದ್ದು, ಹಸಿರು ಬಟ್ಟೆಯ ಬೆನ್ನು, ಅಂಗೈಯಗಲದ ರಟ್ಟು ಮೂಲೆಗಳು. ಯಜಮಾನರು ಮೊಹರು ಒತ್ತುತ್ತಿದ್ದರು, ಇವಳು ನೋಟ್‌ಬುಕ್ಕು ಮೇಜಿನ ಮೇಲೆ ಇಡುತ್ತಿದ್ದಳು. "ಇಡಿಯಮ್ಮಾ," ಎನ್ನುತ್ತಿದ್ದರು. ಅಲ್ಲಿಗೆ ವರ್ಷದ ಮಾತುಕತೆ ಮುಗಿಯುತ್ತಿತ್ತು.

ಇನ್ನು ಕರಡಿ ಸಾರ್ ವಿಷಯ. ಅಂಗಡಿಯ ಅಟ್ಟದ ಮೇಲೆ ಕರಡು ತಿದ್ದುವವರೊಬ್ಬರು ಕೂರುತ್ತಿದ್ದರು. ಅಚ್ಚಿಗೆ ಹೋಗುವ ಮುನ್ನ ಪುಟಗಳನ್ನೋದಿ ತಪ್ಪು ಹಿಡಿಯುವುದು ಅವರ ಉದ್ಯೋಗ. 'ಕರಡು ತಿದ್ದೋ ಸಾರ್' ಎನ್ನುವುದು ಉದ್ದವಾಯಿತೆಂದು ಅಂಗಡಿಯವರು ಅದನ್ನೇ ತಿದ್ದಿ 'ಕರಡಿ ಸಾರ್' ಮಾಡಿದ್ದರು. ಮನುಷ್ಯ ಮಾತ್ರ ಚೂಪುಮಾಡಿಟ್ಟ ಪೆನ್ಸಿಲ್ಲಿನಂತಿದ್ದರು. ವಯಸ್ಸು ಐವತ್ತು, ಮದುವೆಯಿಲ್ಲ. "ಯಾಕೆ ಸಾರ್?" ಎಂದರೆ "ಎಲ್ಲದರಲ್ಲೂ ತಪ್ಪು ಕಾಣಿಸ್ತಿತ್ತು. ಆಮೇಲೆ ನೋಡಿದ್ರೆ ತಪ್ಪು ನಂದೇ," ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ದಿನ ಅಂಟಕ್ಕ ಕೈಯಲ್ಲೊಂದು ಹಾಳೆ ಹಿಡಿದು ಅಟ್ಟ ಹತ್ತಿದ್ದಳು. "ಸಾರ್, ನಲವತ್ತೇಳು ಎರಡು ಸಲ ಬಂದಿದೆ."

ಕರಡಿ ಸಾರ್ ಮುಖ ಸಪ್ಪಗಾಯಿತು. ಮುನ್ನೂರು ಪುಟದಲ್ಲಿ ಒಂದು ಕೊಂಬು, ಒಂದು ದೀರ್ಘ ಬಿಡದಂತೆ ನೋಡಿದ್ದರು. ಪುಟದ ನಂಬರಿನತ್ತ ಕಣ್ಣೇ ಹಾಯಿಸಿರಲಿಲ್ಲ. "ನೀವು ಇದನ್ನ ಓದಿದ್ರಾ?" ಎಂದರು.

"ಅಯ್ಯೋ ಇಲ್ಲ ಸಾರ್. ನಾನು ನಂಬರು ಬಿಟ್ಟು ಬೇರೇನೂ ಓದಲ್ಲ."

"ನಾನು ನಂಬರು ಬಿಟ್ಟು ಎಲ್ಲಾ ಓದ್ತೀನಿ," ಎಂದು ಅವರು ನಕ್ಕರು. ಮಾರನೆಯ ದಿನದಿಂದ ಅವರ ಚಹಾದ ಲೋಟ ಅಟ್ಟದಿಂದ ಇಳಿದು ಮಡಚುವ ಮೇಜಿನ ಪಕ್ಕಕ್ಕೆ ಬಂತು.

ಅವರ ಮನಸ್ಸಿನ ಗುಟ್ಟು ರಟ್ಟಾದದ್ದು ಅವಳನ್ನು ಕರೆಯುವ ಬಗೆಯಿಂದ. ಅಂಗಡಿಯ ಮಾಲೀಕನಿಂದ ಹಿಡಿದು ರದ್ದಿ ಒಯ್ಯುವವನವರೆಗೆ ಎಲ್ಲರಿಗೂ ಅವಳು ಅಕ್ಕ. ಕರಡಿ ಸಾರ್ ಮಾತ್ರ ಒಂದು ದಿನದಿಂದ 'ಇವರೇ' ಎನ್ನತೊಡಗಿದರು. "ಇವರೇ, ಮೂರನೇ ಫಾರಂ ಬಂತಾ?" "ಇವರೇ, ಚಹಾ ಆರ್ತಾ ಇದೆ." ಇದನ್ನು ಮೊದಲು ಗಮನಿಸಿದವನು ಕಾಗದ ಕತ್ತರಿಸುವ ಯಂತ್ರದ ಕಟಿಂಗ್ ಅಣ್ಣ. ಅವನ ಕಿವಿಯೂ ಯಂತ್ರದಷ್ಟೇ ಹರಿತ.

"ಅಕ್ಕಾ, ಸಾರು ನಿನ್ನ ಹೆಸರಿಂದ 'ಅಕ್ಕ'ನ್ನ ಹೊಡೆದುಹಾಕಿದಾರೆ. ಬರೀ ಅಂಟು ಉಳೀತು ನೋಡು," ಎಂದ.

"ಸುಮ್ನೆ ನಿನ್ನ ಬೆರಳು ನೋಡ್ಕೊಳೋ," ಎಂದಳು ಅಂಟಕ್ಕ. ಆದರೆ ಆ ದಿನ ಅವಳು ಮಡಚಿದ ಹಾಳೆಗಳಲ್ಲಿ ನಾಲ್ಕು ತಲೆಕೆಳಗಾಗಿದ್ದವು.

ಈ ವರ್ಷದ ಆರಂಭದಲ್ಲಿ ಕರಡಿ ಸಾರ್ ಚಹಾದ ಹೊತ್ತಿನಲ್ಲಿ, ಲೋಟವನ್ನೇ ನೋಡುತ್ತಾ, ಕೇಳಿಯೂಬಿಟ್ಟರು. "ಇವರೇ, ನಾವಿಬ್ರೂ ಮದುವೆ ಆದ್ರೆ ಹೇಗೆ? ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಸಹಿ. ನಿಮ್ಮ ಅತ್ತೆ, ಮಗಳು ನಿಮ್ಮ ಜೊತೇಲೇ ಇರ್ತಾರೆ, ನಾನು ಬಂದು ಸೇರ್ಕೋತೀನಿ. ಯೋಚನೆ ಮಾಡಿ. ಅವಸರ ಇಲ್ಲ, ನನಗೆ ಎರಡನೇ ಕರಡು, ಮೂರನೇ ಕರಡು ಎಲ್ಲಾ ಅಭ್ಯಾಸ."

ಅಂಟಕ್ಕನಿಗೆ ಬೇಡವೆನ್ನುವ ಮನಸ್ಸಿರಲಿಲ್ಲ. ಇದ್ದದ್ದು ಭಯ. ಮದುವೆಯಾದ ದಿನವೇ ಹಣ ನಿಲ್ಲುತ್ತದೆ. ಫಾರಂ ಕೇಳುವುದೇ ಅದಕ್ಕಲ್ಲವೇ? ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಓದುತ್ತಿದ್ದಳು, ಇನ್ನೂ ಎರಡು ವರ್ಷವಿತ್ತು. ಅತ್ತೆಗೆ ಎಪ್ಪತ್ತನಾಲ್ಕು. ಕರಡಿ ಸಾರಿನ ಸಂಪಾದನೆ ಅವರ ಮೈಕಟ್ಟಿನಂತೆಯೇ, ಅಲ್ಲಿಂದಲ್ಲಿಗೆ. ತನ್ನ ಮದುವೆಯ ಖರ್ಚನ್ನು ಮಗಳ ಓದಿನಿಂದ, ಅತ್ತೆಯ ಮಂಡಿಯಿಂದ ಭರಿಸುವುದೇ? ಇನ್ನೊಂದು ಮುಜುಗರವೂ ಇತ್ತು. ಹನ್ನೊಂದು ವರ್ಷ ಅನ್ನ ಹಾಕಿದ ಯಜಮಾನರ ಎದುರು ನಿಂತು 'ನನಗೆ ಬೇರೆ ಮದುವೆ' ಎಂದು ಯಾವ ಬಾಯಲ್ಲಿ ಹೇಳುವುದು?

ಕಟಿಂಗ್ ಅಣ್ಣನ ಹತ್ತಿರ ಇದಕ್ಕೂ ಪರಿಹಾರವಿತ್ತು. "ಸಹಿ ಗಿಹಿ ಯಾಕೆ ಅಕ್ಕಾ? ಸುಮ್ನೆ ಒಟ್ಟಿಗೆ ಇರಿ. ಫಾರಂಗೆ 'ಆಗಿಲ್ಲ' ಅಂತ ಹಾಕ್ತಾ ಹೋಗು. ಯಾರು ಬಂದು ನೋಡ್ತಾರೆ?"

ಅಂಟಕ್ಕ ಇದನ್ನು ಹಿಂಜರಿಯುತ್ತಲೇ ಕರಡಿ ಸಾರಿಗೆ ಹೇಳಿದಳು. ಅವರು ತಿದ್ದುತ್ತಿದ್ದ ಪುಟವನ್ನು ಪಕ್ಕಕ್ಕಿಟ್ಟರು. "ನಿಮಗೆ ಇಲ್ಲ ಅನ್ನೋಕೆ ನನಗೆ ಇಷ್ಟ ಇಲ್ಲ. ಆದ್ರೆ ಇವರೇ, ತಪ್ಪು ಅಂತ ಗೊತ್ತಿದ್ದೂ ಪುಟ ಬಿಟ್ಟುಕೊಟ್ರೆ ನನಗೆ ನಿದ್ದೆ ಬರಲ್ಲ. ಅದೂ ಪ್ರತಿ ವರ್ಷ ಹೊಸ ಮುದ್ರಣ ಬರೋ ತಪ್ಪು."

ಹೀಗೆ ಮಾತು ಅಲ್ಲಿಗೇ ನಿಂತಿರುವಾಗ ಹನ್ನೆರಡನೆಯ ಫಾರಂ ಅಂಚೆಯಲ್ಲಿ ಬಂತು. ತಿಂಗಳ ಕೊನೆಯೊಳಗೆ ಕೊಡಬೇಕು. ಅಂಟಕ್ಕ ಮನಸ್ಸು ಗಟ್ಟಿಮಾಡಿಕೊಂಡಳು: ಈ ವರ್ಷವೂ ಸಹಿ ಹಾಕುವುದು, ಕರಡಿ ಸಾರಿಗೆ 'ಮಗಳ ಓದು ಮುಗಿಯಲಿ' ಎನ್ನುವುದು. ಊಟದ ಮೇಜು ಒರೆಸಿ, ತನ್ನ ಸಹಿ ಹಾಕಿ, ಹಾಳೆಯನ್ನು ಅತ್ತೆಯ ಮುಂದೆ ಸರಿಸಿದಳು. ಪೆನ್ನನ್ನೂ ಇಟ್ಟಳು.

ಅತ್ತೆ ಕನ್ನಡಕ ಏರಿಸಲಿಲ್ಲ. "ನಾನು ಹಾಕಲ್ಲ," ಎಂದರು.

"ಕೈ ನೋವಾ ಅತ್ತೆ? ಸಂಜೆ ಹಾಕಿ."

"ಸಂಜೇನೂ ಹಾಕಲ್ಲ, ನಾಳೇನೂ ಹಾಕಲ್ಲ. ಹನ್ನೊಂದು ಸಲ ಹಾಕಿದೀನಿ, ಸಾಕು," ಎಂದು ಮೇಜಿಗೆ ಕೈಯೂರಿ ಎದ್ದು, ಕೋಣೆಗೆ ಹೋಗಿ, ಕಿಟಕಿಯತ್ತ ಮುಖ ಮಾಡಿ ಕೂತರು.

ಅಂಟಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. ಮದುವೆಯ ವಿಷಯ ಅತ್ತೆಯ ಕಿವಿಗೆ ಬಿದ್ದಿದೆ. ಹಿಂದಿನ ತಿಂಗಳು ಕರಡಿ ಸಾರ್ ಅವಳು ಮರೆತಿದ್ದ ಕೊಡೆ ಕೊಡಲು ಬಾಗಿಲಿಗೆ ಬಂದಾಗ ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದ್ದು ನೆನಪಾಯಿತು. ಮಗನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆಂದು ಮುನಿಸು, ಇನ್ನೇನು? ಕೇಳಲು ಧೈರ್ಯ ಬರಲಿಲ್ಲ. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ನಾಲ್ಕನೆಯ ದಿನ ಅವಳು ಅರ್ಧ ರಜೆ ಹಾಕಿ, ಅರ್ಧ ತುಂಬಿದ ಫಾರಮ್ಮನ್ನೂ ಹೊಸ ನೋಟ್‌ಬುಕ್ಕನ್ನೂ ಹಿಡಿದು ಕಾರ್ಖಾನೆಗೆ ಹೋದಳು. ಸಾಕ್ಷಿಯಿಲ್ಲದಿದ್ದರೂ ನಡೆಯುತ್ತದೆಯೇ ಎಂದು ಯಜಮಾನರನ್ನೇ ಕೇಳುವುದು, ಕೈಮುಗಿದು ಎಲ್ಲ ಹೇಳಿಬಿಡುವುದು.

ಅಂಗಳದಲ್ಲಿ ಕೊಯ್ದ ಚಪ್ಪಡಿಗಳು ಸಾಲಾಗಿ ಒರಗಿದ್ದವು, ನೆಲವೆಲ್ಲ ಬಿಳಿ ಕೆಸರು. ಯಜಮಾನರು ಅವಳ ಮಾತನ್ನೆಲ್ಲ ಕೇಳಿ, ಮೊಹರನ್ನು ಕೈಯಲ್ಲೇ ಹಿಡಿದುಕೊಂಡು, ಮುಜುಗರದಿಂದ ಕೆಮ್ಮಿದರು.

"ಅಮ್ಮಾ, ಒಂದು ಮಾತು. ಈ ಹಣ ನಾನು ಕೊಡ್ತಾ ಇಲ್ಲ."

"ಮತ್ತೆ?"

"ವಿಮಾ ಕಂಪನಿಯವರು ಕೊಡೋದು. ಕೆಲಸದೋರ ಹೆಸರಲ್ಲಿ ಕಾರ್ಖಾನೆ ಅವರಿಗೆ ಕಂತು ಕಟ್ಟಿರುತ್ತೆ. ಅಪಘಾತ ಆದ್ರೆ ಹೊಣೆ ಅವರದು. ಈ ಮೊಹರು ಬರೀ ಗುರುತಿಗೆ. ಅಷ್ಟಕ್ಕೂ ನಿಮ್ಮ ಯಜಮಾನ್ರು ತೀರಿಕೊಂಡಾಗ ಇದ್ದ ಮಾಲೀಕರು ನಾನಲ್ಲ. ನಾನು ಇದನ್ನ ಕೊಂಡು ಏಳು ವರ್ಷ ಆಯ್ತು."

ಅಂಟಕ್ಕ ಬಾಯಿ ತೆರೆದು ನೋಡಿದಳು. ನಿಜ, ಮುಖ ಬೇರೆ. ಏಳು ವರ್ಷ ಅವಳು ಮೊಹರನ್ನು ನೋಡಿದ್ದಳೇ ಹೊರತು ಮುಖವನ್ನು ನೋಡಿರಲಿಲ್ಲ.

"ನೀವು ಪ್ರತಿ ವರ್ಷ ನೋಟ್‌ಬುಕ್ ತಂದು ಇಡ್ತೀರಿ. ಯಾಕೆ ಅಂತ ಮೊದಲನೇ ವರ್ಷ ಕೇಳೋಕಾಗಲಿಲ್ಲ. ಆಮೇಲೆ ಕೇಳಿದ್ರೆ ಚೆನ್ನಾಗಿರಲ್ಲ ಅನ್ನಿಸ್ತು. ಬನ್ನಿ ಇಲ್ಲಿ."

ಚಪ್ಪಡಿ ಎತ್ತುವ ಸರಪಳಿಯ ಕಂಬದ ಪಕ್ಕದಲ್ಲಿ ಒಂದು ಹಲಗೆ. ಅದರ ಮೇಲೆ ಹಸಿರು ಬೆನ್ನಿನ ಏಳು ನೋಟ್‌ಬುಕ್ಕು ಸಾಲಾಗಿ ನಿಂತಿದ್ದವು, ಕಲ್ಲಿನ ಪುಡಿಯಿಂದ ಬೆಳ್ಳಗಾಗಿ. ಯಜಮಾನರು ಕೊನೆಯದನ್ನು ತೆರೆದು ಕೊಟ್ಟರು. ದಿನಕ್ಕೊಂದು ಸಾಲು. ತಾರೀಖು, 'ಸರಪಳಿ ನೋಡಿದೆ, ಕೊಂಡಿ ನೋಡಿದೆ, ಸರಿ ಇದೆ', ಪಕ್ಕದಲ್ಲಿ ಒಂದು ಸಹಿ.

"ಇದನ್ನ ಬರೆಯದೆ ಬೆಳಿಗ್ಗೆ ಯಾರೂ ಸರಪಳಿ ಮುಟ್ಟೋ ಹಾಗಿಲ್ಲ. ಬೇರೆ ಪುಸ್ತಕ ಆಗಿದ್ರೆ ತಿಂಗಳಲ್ಲಿ ಬಿಚ್ಚಿಹೋಗ್ತಿತ್ತು. ನಿಮ್ಮದು ಗಟ್ಟಿ," ಎಂದರು ಯಜಮಾನರು.

ಅಂದು ಅಂಟಕ್ಕ ಓದಿದಳು. ಮಡಚುವವಳು ಪುಟದಿಂದ ಪುಟಕ್ಕೆ ನಿಂತಲ್ಲೇ ಓದಿದಳು. ಸರಿ ಇದೆ, ಸರಿ ಇದೆ, ಕೊಂಡಿ ಸವೆದಿದೆ ಬದಲಾಯಿಸಿದೆ, ಸರಿ ಇದೆ. ಕಣ್ಣು ಒರೆಸಿಕೊಂಡಾಗ ಕಲ್ಲಿನ ಪುಡಿ ಮೆತ್ತಿ ಕೆನ್ನೆಯೂ ಬೆಳ್ಳಗಾಯಿತು. ಹೊಸ ನೋಟ್‌ಬುಕ್ಕನ್ನು ಸಾಲಿನ ತುದಿಗೆ ನಿಲ್ಲಿಸಿ, "ಮುಂದಿನ ವರ್ಷಾನೂ ತರ್ತೀನಿ," ಎಂದಳು.

ಅಲ್ಲಿಂದ ನೇರ ಅಟ್ಟಕ್ಕೆ. ಫಾರಮ್ಮನ್ನು ಕರಡಿ ಸಾರಿನ ಮುಂದೆ ಇಟ್ಟು, "ಓದಿ ಹೇಳಿ," ಎಂದಳು. "ಇದರಲ್ಲಿ ನಿಜವಾಗಿ ಏನಿದೆ ಅಂತ."

"ನೀವು ಓದಿಲ್ವಾ?"

"ಹನ್ನೊಂದು ಸಲ ಮಡಚಿದೀನಿ."

ಕರಡಿ ಸಾರ್ ಮುಂಬದಿ ಓದಿದರು. ಆಮೇಲೆ ಹಾಳೆಯನ್ನು ತಿರುವಿದರು. ಹಿಂಬದಿಯಲ್ಲಿ ಇರುವೆಸಾಲಿನಂಥ ಅಕ್ಷರಗಳು. ಅಲ್ಲಿ ಓದುವಂಥದ್ದೇನೋ ಇದೆಯೆಂದೇ ಅಂಟಕ್ಕನಿಗೆ ಗೊತ್ತಿರಲಿಲ್ಲ. ಅವಳ ಮಡಿಕೆಯಲ್ಲಿ ಅದು ಯಾವಾಗಲೂ ಹೊರಗೆ ಬೀಳುತ್ತಿತ್ತು, ಹೊರಮೈಯ ಸಣ್ಣಕ್ಷರವನ್ನು ಯಾರು ಓದುತ್ತಾರೆ? ಅವರು ಭೂತಗನ್ನಡಿ ಹಿಡಿದು, ಬೆರಳಿಟ್ಟು, ಒಂದೊಂದೇ ಪದವಾಗಿ ಓದಿದರು.

"ಮದುವೆ ಆದ ದಿನದಿಂದ ಹೆಂಡತಿಯ ಪಾಲು ನಿಲ್ಲುತ್ತೆ. ಅದು ನಿಜ. ಆದ್ರೆ ನಿಲ್ಲಿಸುವಾಗ ಎರಡು ವರ್ಷದಷ್ಟು ಹಣ ಒಂದೇ ಗಂಟಾಗಿ ಕೊಡ್ತಾರಂತೆ. ಮಗಳ ಪಾಲು ಬೇರೆ, ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಓದು ಮುಗಿಯೋವರೆಗೂ ಬರುತ್ತೆ. ನಿಮ್ಮಿಂದ ಬಿಟ್ಟುಹೋದ ಪಾಲು ಮಗಳಿಗೂ ತೀರಿಕೊಂಡವರ ತಾಯಿಗೂ ಹಂಚಿಹೋಗುತ್ತೆ. ತಾಯಿ ಖುದ್ದಾಗಿ ಬಂದು ಅರ್ಜಿ ಕೊಡಬೇಕು. ಸುಳ್ಳು ಸಹಿ ಹಾಕಿದ್ರೆ ಮಾತ್ರ ಎಲ್ಲಾ ವಾಪಸ್ಸು ಕಟ್ಟಬೇಕು. ಇದನ್ನ ಕಟಿಂಗ್ ಅಣ್ಣನಿಗೆ ಓದಿ ಹೇಳ್ತೀನಿ."

"ಅಂದ್ರೆ ನಾನು ಹೋದ್ರೂ ಅವರಿಗೆ ಬರುತ್ತಾ?"

"ನೀವು ಎಲ್ಲಿ ಹೋಗ್ತೀರಿ? ನೀವು ಅಲ್ಲೇ ಇರ್ತೀರಿ. ಹಣ ಮಾತ್ರ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತೆ."

ಉಳಿದದ್ದು ಅತ್ತೆ. ಎಲ್ಲವೂ ಈಗ ಅತ್ತೆಯ ಮೇಲೆ. ಸಾಕ್ಷಿ ಹಾಕಲೊಲ್ಲದವರು ಸೊಸೆಯ ಮದುವೆಗೋಸ್ಕರ ಅರ್ಜಿ ಹಾಕುತ್ತಾರೆಯೇ? ಸಂಜೆ ಅಂಟಕ್ಕ ಅತ್ತೆಯ ಮಂಚದ ಬದಿಯಲ್ಲಿ ನೆಲದ ಮೇಲೆ ಕೂತು, ತಗ್ಗಿದ ದನಿಯಲ್ಲಿ, ಕರಡಿ ಸಾರಿನಿಂದ ಹಿಡಿದು ಹಿಂಬದಿಯ ಅಕ್ಷರಗಳವರೆಗೆ ಎಲ್ಲ ಹೇಳಿದಳು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ನಿಮಗೆ ಬೇಡ ಅಂದ್ರೆ ಬೇಡ ಅತ್ತೆ," ಎಂದು ಮುಗಿಸಿದಳು.

ಅತ್ತೆ ಅವಳನ್ನೇ ನೋಡಿದರು. "ದಡ್ಡಿ ಕಣೇ ನೀನು. ನಾನು ಯಾಕೆ ಸಹಿ ಹಾಕಲಿಲ್ಲ ಅಂದ್ಕೊಂಡೆ?"

"ಸಿಟ್ಟು ಅಂತ."

"ಸಿಟ್ಟೇ. ನಿನ್ನ ಮೇಲಲ್ಲ, ಆ ಹಾಳೆ ಮೇಲೆ. ವರ್ಷಾ ವರ್ಷಾ 'ಇವಳು ಒಂಟಿ, ಇವಳಿನ್ನೂ ಒಂಟಿ' ಅಂತ ನನ್ನ ಕೈಲೇ ಬರೆಸ್ಕೊಂಡ್ರು. ಮೂವತ್ತೆರಡು ವರ್ಷದೋಳಿಗೆ ಬರೆದೆ, ನಲವತ್ತಮೂರಾದ್ರೂ ಬರೀತಾ ಇದೀನಿ. ಕೈ ಸೋತುಹೋಯ್ತು. ನಾನು ಹಾಕದಿದ್ರೆ ಫಾರಂ ಹೋಗಲ್ಲ, ಫಾರಂ ಹೋಗದಿದ್ರೆ ದುಡ್ಡು ನಿಲ್ಲುತ್ತೆ, ದುಡ್ಡು ನಿಂತ್ರೆ ನಿನಗೆ ನೆಪ ಇರಲ್ಲ ಅಂತ ಲೆಕ್ಕ ಹಾಕಿದ್ದೆ."

"ದುಡ್ಡು ನಿಂತ್ರೆ ನಿಮ್ಮ ಮಾತ್ರೆ?"

"ಮಂಡಿ ತಾನೇ, ನೋವಾದ್ರೆ ಕೂತ್ಕೋತೀನಿ." ಅತ್ತೆ ಸೊಸೆಯ ಬೆರಳು ಹಿಡಿದು, ಒಣಗಿದ ಅಂಟನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆಯತೊಡಗಿದರು. "ಆವತ್ತು ಕೊಡೆ ಕೊಡೋಕೆ ಬಂದಾಗ ಆ ಸಣಕಲು ಮನುಷ್ಯ ನಿನ್ನ 'ಅಕ್ಕ' ಅನ್ನಲಿಲ್ಲ. 'ಇವರೇ' ಅಂದ. ಕಿವಿ ಇನ್ನೂ ಚೆನ್ನಾಗಿದೆ ನಂದು."

"ಎಕ್ಸ್‌ರೇ ಓದ್ತಿರೋಳು ನಾನು, ಒಳಗಿರೋದೆಲ್ಲ ಅಜ್ಜಿಗೆ ಕಾಣುತ್ತೆ," ಎಂದಳು ಮಗಳು.

"ಒಂದೇ ಷರತ್ತು," ಎಂದರು ಅತ್ತೆ. "ನನ್ನ ಮಾತಲ್ಲಿ ತಪ್ಪು ಹುಡುಕೋ ಹಾಗಿಲ್ಲ ಅಂತ ಅವನಿಗೆ ಹೇಳು."

ಮುಂದಿನ ಸೋಮವಾರ ಅವರೆಲ್ಲ ವಿಮಾ ಕಚೇರಿಗೆ ಹೋದರು. ಮೂರನೆಯ ಮಹಡಿ, ಲಿಫ್ಟು ಕೆಟ್ಟಿತ್ತು. ಕರಡಿ ಸಾರ್ ಒಂದು ಪಕ್ಕ, ಅಂಟಕ್ಕ ಇನ್ನೊಂದು ಪಕ್ಕ ಹಿಡಿದು ಅತ್ತೆಯನ್ನು ಮೆಟ್ಟಿಲು ಹತ್ತಿಸಿದರು. ಗಾಜಿನ ಹಿಂದೆ ಕೂತಿದ್ದ ಗುಮಾಸ್ತೆ ಅರ್ಜಿ, ಗುರುತಿನ ಚೀಟಿ ಎಲ್ಲ ನೋಡಿ, ಮದುವೆಯ ನೋಂದಣಿ ಆದಮೇಲೆ ಅದರ ನಕಲು ತಂದುಕೊಟ್ಟರೆ ಸಾಕು ಎಂದಳು. ಆಮೇಲೆ ಅತ್ತೆಯ ಮುಂದೆ ಒಂದು ಹಾಳೆ ಸರಿಸಿದಳು.

"ಅಜ್ಜೀ, ಇನ್ಮೇಲೆ ವರ್ಷಕ್ಕೊಂದು ಸಲ ಇದನ್ನ ನೀವು ತುಂಬಬೇಕು. ಮನೆಯವರೊಬ್ಬರ ಸಾಕ್ಷಿ ಬೇಕು."

ಅದೇ ಫಾರಂ. 'ನಾನು ಈ ದಿನದವರೆಗೂ ಮರುಮದುವೆಯಾಗಿರುವುದಿಲ್ಲ.'

ಅತ್ತೆ ಕನ್ನಡಕ ಏರಿಸಿ ಸಾಲನ್ನು ಓದಿದರು, ಇನ್ನೊಮ್ಮೆ ಓದಿದರು. "ಎಪ್ಪತ್ತನಾಲ್ಕು ನನಗೆ," ಎಂದರು.

"ನಿಯಮ ಎಲ್ಲರಿಗೂ ಒಂದೇ ಅಜ್ಜೀ."

"ಬೇಜಾರಿಂದ ಹೇಳಲಿಲ್ಲಮ್ಮಾ. ಈ ವಯಸ್ಸಲ್ಲಿ ಇನ್ನೂ ಅನುಮಾನಪಡೋರು ಇದಾರಲ್ಲ ಅಂತ ಖುಷಿಯಾಯ್ತು," ಎಂದು ಗೆರೆ ದಾಟುವ ಅಕ್ಷರಗಳಲ್ಲಿ ಹೆಸರು ಬರೆದು, ಹಾಳೆಯನ್ನು ಸೊಸೆಯತ್ತ ತಳ್ಳಿದರು. "ಈ ಸಲ ಸಾಕ್ಷಿ ನೀನು ಹಾಕು. ಮುಂದಿನ ವರ್ಷದ್ದು ಈಗಲೇ ಹೇಳೋಕಾಗಲ್ಲ."

ಅಂಟಕ್ಕನ ಕೈ ಅಭ್ಯಾಸಬಲದಿಂದ ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಲು ಹೊರಟಿತ್ತು. ಅರ್ಧದಲ್ಲಿ ನಿಂತಿತು. ಅವಳು ಹಾಳೆಯನ್ನು ಬಿಡಿಸಿ, ತಿರುವಿ, ಹಿಂಬದಿಯನ್ನು ಮೊದಲ ಸಾಲಿನಿಂದ ಓದತೊಡಗಿದಳು. ಹಿಂದೆ ಸರದಿಯಲ್ಲಿ ನಿಂತವರು ಗೊಣಗಿದರು. ಕರಡಿ ಸಾರ್ ಜೇಬಿನಿಂದ ಭೂತಗನ್ನಡಿ ತೆಗೆದು ಅವಳ ಕೈಗೆ ಕೊಟ್ಟು, ಸರದಿಯವರ ಕಡೆ ತಿರುಗಿ, "ಒಂದು ನಿಮಿಷ, ಇವರು ಓದ್ತಾ ಇದಾರೆ," ಎಂದರು.